ಮರಳಿ ಬರುವ ಅಲೆ: ಒಂದು ಮೈನಸ್ ಚಿಹ್ನೆಯಿಂದ ಹುಟ್ಟುವ ಸೂತ್ರ

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಸೂತ್ರದ ಬಗ್ಗೆ ಮಾತಾಡುತ್ತೇನೆ. ಟ್ರಾನ್ಸ್‌ಮಿಷನ್ ಲೈನ್, ಅಂದರೆ ವಿದ್ಯುತ್ ಅಲೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ಯುವ ಕೇಬಲ್, ಅದರ ಬಗ್ಗೆ ಓದಿದವರಿಗೆಲ್ಲ ಅದು ಬಾಯಿಪಾಠ. ಲೈನಿನ ತುದಿಗೆ ಜೋಡಿಸಿದ್ದು ಲೋಡ್. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಬರುವ ಅನುಪಾತ ಇಂಪಿಡೆನ್ಸ್. ಲೋಡ್‌ನ ಇಂಪಿಡೆನ್ಸ್‌ನಿಂದ ಲೈನಿನ ಇಂಪಿಡೆನ್ಸ್ ಕಳೆಯಿರಿ. ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿ. ಅದೇ ಪ್ರತಿಫಲನ ಗುಣಾಂಕ, ಅಂದರೆ ಲೋಡ್‌ಗೆ ಬಂದ ಅಲೆಯಲ್ಲಿ ಎಷ್ಟು ಪಾಲು ಮರಳುತ್ತದೆ ಅನ್ನುವ ಸಂಖ್ಯೆ. ಕ್ಲಾಸಿನಲ್ಲಿ ಎಲ್ಲರೂ ಸುಮ್ನೆ ಗ್ಯಾಮಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಬಾಯಿಪಾಠ ಆಗಿದೆ ಸರಿ. ಆದರೆ ಮೇಲೆ ಕಳೆಯುವುದು ಯಾಕೆ, ಕೆಳಗೆ ಕೂಡುವುದು ಯಾಕೆ? ಲೋಡ್‌ನಿಂದ ಲೈನನ್ನೇ ಕಳೆಯಬೇಕಾ, ಲೈನಿನಿಂದ ಲೋಡ್ ಕಳೆದರೆ ಆಗದಾ? ಹೀಗೆ ಕೇಳಿದರೆ ಚೆನ್ನಾಗಿ ಓದಿದವರೂ ಒಂದು ಕ್ಷಣ ತಡವರಿಸುತ್ತಾರೆ. ಉತ್ತರ ಮೂರು ಸಾಲಿನ ಬೀಜಗಣಿತದಲ್ಲಿದೆ. ಆ ಮೂರು ಸಾಲಿನಲ್ಲಿ ನಿಜವಾದ ಭೌತಶಾಸ್ತ್ರ ಅಡಗಿರುವುದು ಒಂದು ಮೈನಸ್ ಚಿಹ್ನೆಯಲ್ಲಿ. ಉಳಿದದ್ದು ಹೈಸ್ಕೂಲಿನ ಲೆಕ್ಕ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸಮೀಕರಣಗಳಿಗೆ ಕನ್ನಡದ ಅಕ್ಷರಗಳನ್ನೇ ಬಳಸುತ್ತೇನೆ. ಲೈನಿನ ಇಂಪಿಡೆನ್ಸ್‌ಗೆ ಝ, ಲೋಡ್‌ನದ್ದಕ್ಕೆ ಲೋ. ಮುಂದಕ್ಕೆ ಹೋಗುವ ಅಲೆಯ ವೋಲ್ಟೇಜ್‌ಗೆ ಮು, ಹಿಂದಕ್ಕೆ ಬರುವ ಅಲೆಯ ವೋಲ್ಟೇಜ್‌ಗೆ ಹಿ.

ಲೈನಿಗೆ ತನ್ನದೇ ಒಂದು ಹಟವಿದೆ

ಒಂದು ಕೇಬಲ್ ತೆಗೆದುಕೊಳ್ಳಿ. ಎರಡು ವಾಹಕಗಳು, ನಡುವೆ ಪ್ಲಾಸ್ಟಿಕ್. ಎರಡು ವಾಹಕಗಳ ನಡುವೆ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಗುಣ, ಇದ್ದೇ ಇರುತ್ತದೆ. ಉದ್ದಕ್ಕೂ ಹರಿಯುವ ಕರೆಂಟ್‌ಗೆ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಬದಲಾವಣೆಯನ್ನು ವಿರೋಧಿಸುವ ಗುಣ, ಇದ್ದೇ ಇರುತ್ತದೆ. ಲ್ಯಾಬ್‌ನಲ್ಲಿ ಕಾಣುವ ತೆಳುವಾದ 50 ಓಮ್ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್, ಸುಮಾರು 250 ನ್ಯಾನೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ.

ಈಗ ಒಂದು ತುದಿಯಲ್ಲಿ ವೋಲ್ಟೇಜ್ ಕೊಟ್ಟಿರಿ ಅಂದುಕೊಳ್ಳಿ. ಅಲೆಯ ಮುಂಭಾಗ ಒಂದು ವೇಗದಲ್ಲಿ ಮುಂದೆ ಸಾಗುತ್ತದೆ. ಒಂದು ಸೆಕೆಂಡಿನಲ್ಲಿ ಅದು ಎಷ್ಟು ಮೀಟರ್ ದಾಟುತ್ತದೋ ಅಷ್ಟು ಮೀಟರ್ ಲೈನಿಗೆ ಚಾರ್ಜ್ ತುಂಬಬೇಕು. ಆ ಚಾರ್ಜ್ ಹೊತ್ತು ತರುವುದು ಕರೆಂಟ್. ಹಾಗಾಗಿ

ಕರೆಂಟ್ = ಕೆಪಾಸಿಟೆನ್ಸ್ × ವೋಲ್ಟೇಜ್ × ವೇಗ

ಅಷ್ಟೇ ಉದ್ದದ ಲೈನಿನಲ್ಲಿ ಹೊಸದಾಗಿ ಕಾಂತಕ್ಷೇತ್ರವೂ ಹುಟ್ಟಬೇಕು. ಅದು ಹುಟ್ಟುವಾಗ ಎದುರು ವೋಲ್ಟೇಜ್ ಏಳುತ್ತದೆ. ಆದ್ದರಿಂದ

ವೋಲ್ಟೇಜ್ = ಇಂಡಕ್ಟೆನ್ಸ್ × ಕರೆಂಟ್ × ವೇಗ

ಈ ಎರಡು ಸಾಲನ್ನು ಗುಣಿಸಿದರೆ ವೋಲ್ಟೇಜ್, ಕರೆಂಟ್ ಎರಡೂ ಹೊಡೆದುಹೋಗಿ ವೇಗ ಸಿಗುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ವೇಗ ಹೊಡೆದುಹೋಗಿ ವೋಲ್ಟೇಜ್ ಮತ್ತು ಕರೆಂಟಿನ ಅನುಪಾತ ಸಿಗುತ್ತದೆ. ಆ ಅನುಪಾತವೇ ಲೈನಿನ ಇಂಪಿಡೆನ್ಸ್. ಅದು ಇಂಡಕ್ಟೆನ್ಸನ್ನು ಕೆಪಾಸಿಟೆನ್ಸ್‌ನಿಂದ ಭಾಗಿಸಿ ವರ್ಗಮೂಲ ತೆಗೆದಷ್ಟು. ಮೇಲಿನ ಅಂಕಿಗಳನ್ನು ಹಾಕಿ ನೋಡಿ. 250 ನ್ಯಾನೋಹೆನ್ರಿಯನ್ನು 100 ಪಿಕೋಫ್ಯಾರಡ್‌ನಿಂದ ಭಾಗಿಸಿದರೆ 2500, ಅದರ ವರ್ಗಮೂಲ 50 ಓಮ್. ವೇಗ ಸೆಕೆಂಡಿಗೆ 20 ಕೋಟಿ ಮೀಟರ್, ಅಂದರೆ ಬೆಳಕಿನ ವೇಗದ ಮೂರರಲ್ಲಿ ಎರಡು ಪಾಲು. ಕೇಬಲ್‌ನ ಒಂದು ಮೀಟರ್ ದಾಟಲು ಅಲೆಗೆ 5 ನ್ಯಾನೋಸೆಕೆಂಡ್ ಬೇಕು.

ಇಲ್ಲಿ ಇಂಡಕ್ಟೆನ್ಸ್ ಎಷ್ಟು ಮುಖ್ಯ ನೋಡಿ. 1850ರ ದಶಕದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್‌ಗಳಿಗಾಗಿ ಭೌತಶಾಸ್ತ್ರಜ್ಞ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಕಟ್ಟಿದ ಸಿದ್ಧಾಂತದಲ್ಲಿ ರೆಸಿಸ್ಟೆನ್ಸ್ ಮತ್ತು ಕೆಪಾಸಿಟೆನ್ಸ್ ಮಾತ್ರ ಇದ್ದವು. ಅದರ ಪ್ರಕಾರ ಸಂಕೇತ ಕೇಬಲ್‌ನಲ್ಲಿ ಬಿಸಿ ಹರಡುವಂತೆ ನಿಧಾನಕ್ಕೆ ಹರಡುತ್ತದೆ. ಅಲ್ಲಿ ಅಲೆ ಇಲ್ಲ, ಹಾಗಾಗಿ ಅದು ಬಡಿದು ಮರಳುವ ಪ್ರಶ್ನೆಯೂ ಇಲ್ಲ. ಇಂಡಕ್ಟೆನ್ಸ್ ಸೇರಿಸಿ ಇವತ್ತಿನ ರೂಪದ ಸಮೀಕರಣ ಕಟ್ಟಿದ್ದು ಆಲಿವರ್ ಹೆವಿಸೈಡ್. ಅವರು ಮೊದಲು ಟೆಲಿಗ್ರಾಫ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವರು. ಕಾಲೇಜು ಮೆಟ್ಟಿಲು ಹತ್ತಲಿಲ್ಲ, ಗಣಿತವನ್ನು ತಾವೇ ಕಲಿತರು. 1886ರಲ್ಲಿ ಇಂಪಿಡೆನ್ಸ್ ಅನ್ನುವ ಪದವನ್ನು ಕೊಟ್ಟವರೂ ಅವರೇ. ಈ ವಿಷಯ ಕಲಿಸುವಾಗ ಅವರ ಹೆಸರನ್ನು ಇನ್ನೂ ಜಾಸ್ತಿ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಈಗ ಮುಖ್ಯ ಮಾತು. 50 ಓಮ್ ಲೈನಿನಲ್ಲಿ ಒಂದೇ ದಿಕ್ಕಿಗೆ ಸಾಗುವ ಯಾವ ಅಲೆಯಾದರೂ ಸರಿ, ಅದರ ವೋಲ್ಟೇಜ್ ಮತ್ತು ಕರೆಂಟಿನ ಅನುಪಾತ 50 ಆಗಿರಲೇಬೇಕು. 5 ವೋಲ್ಟ್ ಇದ್ದರೆ 100 ಮಿಲಿಆಂಪ್. ಅಲೆಗೆ ಬೇರೆ ಆಯ್ಕೆ ಇಲ್ಲ. ಇಂಥ ಲೈನಿನ ತುದಿಗೆ 75 ಓಮ್ ರೆಸಿಸ್ಟರ್ ಹಾಕಿದರೆ ಏನಾಗುತ್ತದೆ? ಓಮ್‌ನ ನಿಯಮದ ಪ್ರಕಾರ ರೆಸಿಸ್ಟರ್‌ಗೆ ಬೇಕಾದ ಅನುಪಾತ 75. ಲೈನ್ ಹೇಳುವುದು 50, ಲೋಡ್ ಹೇಳುವುದು 75. ಒಂದೇ ಅಲೆಯಿಂದ ಇಬ್ಬರ ಮಾತನ್ನೂ ನಡೆಸಿಕೊಡಲು ಆಗುವುದಿಲ್ಲ. ಇನ್ನೊಂದು ಅಲೆ ಬೇಕೇ ಬೇಕು. ಮುಂದೆ ದಾರಿ ಮುಗಿದಿದೆ, ಆದ್ದರಿಂದ ಅದು ಹಿಂದಕ್ಕೇ ಹೋಗಬೇಕು. ಪ್ರತಿಫಲನ ಅಂದರೆ ಇದೇ.

ಮೂರು ಸಾಲು

ಲೋಡ್ ಇರುವ ಜಾಗದಲ್ಲಿ ನಿಂತು ನೋಡೋಣ. ಅಲ್ಲಿನ ಒಟ್ಟು ವೋಲ್ಟೇಜ್ ಎರಡೂ ಅಲೆಗಳ ಮೊತ್ತ:

ಲೋಡ್ ವೋಲ್ಟೇಜ್ = ಮು + ಹಿ

ಕರೆಂಟ್‌ಗೆ ಇದೇ ರೀತಿ ಕೂಡಿಸಿಬಿಡಬೇಕು ಅಂತ ಕೈ ತಾನೇ ಓಡುತ್ತದೆ. ಆದರೆ ಅಲ್ಲಿ ನಿಲ್ಲಬೇಕು. ಬಲಕ್ಕೆ, ಅಂದರೆ ಲೋಡ್ ಕಡೆಗೆ, ಹರಿಯುವ ಕರೆಂಟನ್ನು ಪ್ಲಸ್ ಅಂತ ಇಟ್ಟುಕೊಳ್ಳೋಣ. ಹಿಂದಕ್ಕೆ ಬರುವ ಅಲೆ ಶಕ್ತಿಯನ್ನು ಎಡಕ್ಕೆ ಒಯ್ಯುತ್ತದೆ. ಶಕ್ತಿ ಅಂದರೆ ವೋಲ್ಟೇಜ್ ಇಂಟು ಕರೆಂಟ್. ಆ ಗುಣಲಬ್ಧ ಎಡಕ್ಕೆ ಹರಿಯಬೇಕಾದರೆ, ಅಂದರೆ ಮೈನಸ್ ಆಗಬೇಕಾದರೆ, ವೋಲ್ಟೇಜ್ ಪ್ಲಸ್ ಇದ್ದಾಗ ಕರೆಂಟ್ ಮೈನಸ್ ಇರಲೇಬೇಕು. ಆದ್ದರಿಂದ

ಲೋಡ್ ಕರೆಂಟ್ = (ಮು − ಹಿ) ÷ ಝ

ಹಿಂದಕ್ಕೆ ಬರುವ ಅಲೆಯ ವೋಲ್ಟೇಜ್ ಕೂಡುತ್ತದೆ, ಕರೆಂಟ್ ಕಳೆಯುತ್ತದೆ. ನಾನು ಮೊದಲು ಹೇಳಿದ ಮೈನಸ್ ಚಿಹ್ನೆ ಇದೇ. ಮೂರನೆಯ ಸಾಲು ಓಮ್‌ನ ನಿಯಮ:

ಮು + ಹಿ = ಲೋ × (ಮು − ಹಿ) ÷ ಝ

ಎರಡೂ ಕಡೆ ಝ ದಿಂದ ಗುಣಿಸಿ, ಆವರಣ ಬಿಡಿಸಿ:

ಝ × ಮು + ಝ × ಹಿ = ಲೋ × ಮು − ಲೋ × ಹಿ

ಹಿ ಇರುವ ಪದಗಳನ್ನೆಲ್ಲ ಎಡಕ್ಕೆ, ಮು ಇರುವ ಪದಗಳನ್ನೆಲ್ಲ ಬಲಕ್ಕೆ ತನ್ನಿ:

ಹಿ × (ಲೋ + ಝ) = ಮು × (ಲೋ − ಝ)

ಹಿ ಯನ್ನು ಮು ವಿನಿಂದ ಭಾಗಿಸಿದರೆ ಗ್ಯಾಮಾ:

ಗ್ಯಾಮಾ = (ಲೋ − ಝ) ÷ (ಲೋ + ಝ)

ಛೇದದಲ್ಲಿ ಕೂಡುವ ಚಿಹ್ನೆ ಎಲ್ಲಿಂದ ಬಂತು ಅಂತ ಬೆರಳಿಟ್ಟು ತೋರಿಸಬಹುದು. ಬಲಗಡೆ ಮೈನಸ್ ಆಗಿದ್ದ "ಲೋ × ಹಿ" ಎಡಕ್ಕೆ ಬಂದಾಗ ಪ್ಲಸ್ ಆಯಿತು. ಕರೆಂಟಿನ ಮೈನಸ್ಸೇ ಛೇದದ ಪ್ಲಸ್ ಆಗಿ ಕೂತಿದೆ.

ಆ ಮೈನಸ್ ಮರೆತು ಪ್ಲಸ್ ಹಾಕಿದರೆ? ಆಗ ಸಮೀಕರಣ ಹೀಗಾಗುತ್ತದೆ: ಝ × (ಮು + ಹಿ) = ಲೋ × (ಮು + ಹಿ). ಇದರಿಂದ ಹೊರಡುವುದು ಎರಡೇ ದಾರಿ. ಒಂದೋ ಲೋಡ್ ಲೈನಿಗೆ ಸಮ. ಇಲ್ಲವೇ ಮು ಮತ್ತು ಹಿ ಸೇರಿ ಸೊನ್ನೆ. ಲೈನಿಗೆ ಸಮವಲ್ಲದ ಲೋಡ್ ಯಾವುದೇ ಇರಲಿ, ಉತ್ತರ ಒಂದೇ: ಹಿ = −ಮು. ಅಂದರೆ ಆ ಚಿಹ್ನೆ ಬರೀ ಲೆಕ್ಕದ ಅನುಕೂಲಕ್ಕೆ ಇಟ್ಟದ್ದಲ್ಲ. ಅದಿಲ್ಲದಿದ್ದರೆ ಪ್ರತಿಫಲನದ ಸೂತ್ರವೇ ಹುಟ್ಟುವುದಿಲ್ಲ.

ಲೈನಿನಿಂದ ಲೋಡ್ ಕಳೆದರೆ ಆಗದಾ ಅನ್ನುವ ಪ್ರಶ್ನೆಗೂ ಈಗ ಉತ್ತರವಿದೆ. ನಾವು ಅಳೆದದ್ದು ವೋಲ್ಟೇಜಿನ ಪ್ರತಿಫಲನ. ಕರೆಂಟಿನ ಪ್ರತಿಫಲನ ಬೇಕಾದರೆ ಗ್ಯಾಮಾದ ಮುಂದೆ ಮೈನಸ್ ಹಾಕಬೇಕು, ಆಗ ಮೇಲ್ಗಡೆ ತಿರುಗಿ ಝ − ಲೋ ಆಗುತ್ತದೆ. ತುದಿ ಬಿಚ್ಚಿಟ್ಟರೆ ಲೋ ಅನಂತ, ಗ್ಯಾಮಾ 1, ವೋಲ್ಟೇಜ್ ಎರಡರಷ್ಟಾಗುತ್ತದೆ, ಕರೆಂಟ್ ಸೊನ್ನೆ. ತುದಿ ಶಾರ್ಟ್ ಮಾಡಿದರೆ ಗ್ಯಾಮಾ −1, ವೋಲ್ಟೇಜ್ ಸೊನ್ನೆ, ಕರೆಂಟ್ ಎರಡರಷ್ಟು. ಲೋಡ್ ಲೈನಿಗೆ ಸರಿಸಮ ಇದ್ದರೆ ಗ್ಯಾಮಾ ಸೊನ್ನೆ, ಏನೂ ಮರಳುವುದಿಲ್ಲ.

50 ಓಮ್ ಲೈನಿನ ತುದಿಗೆ 75 ಓಮ್ ಇದ್ದರೆ 25 ಭಾಗಿಸು 125, ಅಂದರೆ 0.2. ಈ ಲೆಕ್ಕವನ್ನು ಶಕ್ತಿಯ ಕಡೆಯಿಂದ ಒಮ್ಮೆ ಸರಿನೋಡೋಣ, ಯಾಕೆಂದರೆ ಇಲ್ಲೊಂದು ಗೊಂದಲ ಸಾಮಾನ್ಯ. 1 ವೋಲ್ಟ್ ಅಲೆ ಬಂದರೆ ಲೋಡ್ ಮೇಲೆ 1.2 ವೋಲ್ಟ್ ನಿಲ್ಲುತ್ತದೆ. ಬಂದದ್ದಕ್ಕಿಂತ ಜಾಸ್ತಿ! ಶಕ್ತಿ ಎಲ್ಲಿಂದ ಬಂತು ಅಂತ ಗಾಬರಿಯಾಗುತ್ತದೆ ಅಲ್ವಾ? ಲೆಕ್ಕ ಹಾಕಿ. ಬಂದ ಪವರ್ 1 ಭಾಗಿಸು 50, ಅಂದರೆ 20 ಮಿಲಿವ್ಯಾಟ್. ಮರಳಿದ್ದು 0.2ರ ವರ್ಗ, 0.04, ಅದನ್ನು 50ರಿಂದ ಭಾಗಿಸಿದರೆ 0.8 ಮಿಲಿವ್ಯಾಟ್. ಲೋಡ್‌ನಲ್ಲಿ ಖರ್ಚಾದದ್ದು 1.2ರ ವರ್ಗ, 1.44, ಭಾಗಿಸು 75, ಅಂದರೆ 19.2 ಮಿಲಿವ್ಯಾಟ್. 19.2ಕ್ಕೆ 0.8 ಸೇರಿಸಿದರೆ ಸರಿಯಾಗಿ 20. ವೋಲ್ಟೇಜ್ ಏರಿದೆ, ಕರೆಂಟ್ ಇಳಿದಿದೆ, ಶಕ್ತಿ ಒಂದು ಕಣವೂ ಆಚೀಚೆ ಆಗಿಲ್ಲ.

ಇದೇ 0.2 ಇನ್ನೊಂದು ಕಡೆಯೂ ಸಿಗುತ್ತದೆ. ಗಾಳಿಯಿಂದ ಗಾಜಿಗೆ ನೇರವಾಗಿ ಬೀಳುವ ಬೆಳಕಿಗೂ ಸೂತ್ರ ಇದೇ. ಖಾಲಿ ಜಾಗದ ಇಂಪಿಡೆನ್ಸ್ ಸುಮಾರು 377 ಓಮ್. ವಕ್ರೀಭವನ ಸೂಚ್ಯಂಕ 1.5 ಇರುವ ಗಾಜಿನೊಳಗೆ ಅದು ಒಂದೂವರೆ ಪಟ್ಟು ಇಳಿದು ಸುಮಾರು 251 ಆಗುತ್ತದೆ. ಗ್ಯಾಮಾ −0.2. ವರ್ಗ ಮಾಡಿದರೆ 4 ಶೇಕಡಾ. ಗಾಜಿನ ಒಂದು ಮೈಯಿಂದ ಮರಳುವ ಬೆಳಕು ಅಷ್ಟೇ. ಕೇಬಲ್‌ನ ತುದಿಯ ರೆಸಿಸ್ಟರ್‌ಗೂ ಗಾಜಿನ ಮೈಗೂ ಒಂದೇ ಬೀಜಗಣಿತ.

ಅದೇ ಸೂತ್ರ, ತಿರುಗಿಸಿ ನೋಡಿದಾಗ

ಇದನ್ನೇ ಇನ್ನೊಂದು ರೀತಿ ಬರೆಯಬಹುದು. ನನಗೆ ಈ ರೂಪವೇ ಹೆಚ್ಚು ಇಷ್ಟ. ಲೋಡನ್ನು ಲೈನಿನಿಂದ ಭಾಗಿಸಿದ ಅನುಪಾತವನ್ನು ನ ಅನ್ನೋಣ. ಮೂರನೆಯ ಸಾಲನ್ನು ಮು ವಿನಿಂದ ಭಾಗಿಸಿದರೆ

ನ = (1 + ಗ್ಯಾಮಾ) ÷ (1 − ಗ್ಯಾಮಾ)

ಗ್ಯಾಮಾ = (ನ − 1) ÷ (ನ + 1)

ಲೋಡ್ ಗೊತ್ತಿದ್ದರೆ ಗ್ಯಾಮಾ, ಗ್ಯಾಮಾ ಅಳೆದರೆ ಲೋಡ್. ಯಾವ ಕಡೆಯಿಂದ ಬೇಕಾದರೂ ಹೋಗಬಹುದು. ಅಳೆಯುವ ಉಪಕರಣಗಳು ಅಲೆಗಳನ್ನು ಅಳೆದು ಇಂಪಿಡೆನ್ಸ್ ತೋರಿಸುವುದು ಈ ಹಾದಿಯಲ್ಲೇ.

ಲೋಡ್‌ನಲ್ಲಿ ಕೆಪಾಸಿಟರ್, ಇಂಡಕ್ಟರ್ ಇದ್ದರೆ ನ ಕಾಂಪ್ಲೆಕ್ಸ್ ಸಂಖ್ಯೆಯಾಗುತ್ತದೆ, ಅಂದರೆ ಹಾಳೆಯ ಮೇಲೆ ಒಂದು ಬಿಂದುವಾಗಿ ಗುರುತಿಸಬಹುದಾದ ಸಂಖ್ಯೆ. ಸೂತ್ರ ಒಂದಿಷ್ಟೂ ಬದಲಾಗುವುದಿಲ್ಲ. ಮರಳುವ ಅಲೆ ಬಂದ ಅಲೆಗಿಂತ ದೊಡ್ಡದಿರಲು ಸಾಧ್ಯವಿಲ್ಲ ಅನ್ನುವುದನ್ನು ಇಲ್ಲಿ ಚಿತ್ರ ಬರೆದೇ ತೋರಿಸಬಹುದು. ನ − 1 ಅಂದರೆ ನ ಬಿಂದುವಿಗೂ 1ಕ್ಕೂ ಇರುವ ದೂರ. ನ + 1 ಅಂದರೆ ನ ಬಿಂದುವಿಗೂ −1ಕ್ಕೂ ಇರುವ ದೂರ. ರೆಸಿಸ್ಟೆನ್ಸ್ ಪ್ಲಸ್ ಇರುವ ಲೋಡ್‌ಗಳೆಲ್ಲ ಹಾಳೆಯ ಬಲ ಅರ್ಧದಲ್ಲಿರುತ್ತವೆ. ಅಲ್ಲಿನ ಪ್ರತಿ ಬಿಂದುವೂ −1ಕ್ಕಿಂತ 1ಕ್ಕೇ ಹತ್ತಿರ. ಸಣ್ಣ ದೂರವನ್ನು ದೊಡ್ಡ ದೂರದಿಂದ ಭಾಗಿಸಿದರೆ ಒಂದಕ್ಕಿಂತ ಕಮ್ಮಿಯೇ ಬರಬೇಕು. ಲೋಡ್ ಬರೀ ಕೆಪಾಸಿಟರ್ ಅಥವಾ ಬರೀ ಇಂಡಕ್ಟರ್ ಆದರೆ ನ ನಡುವಿನ ಲಂಬ ಗೆರೆಯ ಮೇಲೆ ಕೂರುತ್ತದೆ. ಎರಡೂ ದೂರ ಸಮ, ಗ್ಯಾಮಾದ ಗಾತ್ರ ಸರಿಯಾಗಿ 1. ಶಕ್ತಿ ನುಂಗುವ ರೆಸಿಸ್ಟರ್ ಇಲ್ಲದ ಕಡೆ ಎಲ್ಲವೂ ಮರಳಲೇಬೇಕು, ಹಂತ (ಫೇಸ್), ಅಂದರೆ ಅಲೆ ತನ್ನ ಏರಿಳಿತದ ಯಾವ ಘಟ್ಟದಲ್ಲಿದೆ ಅನ್ನುವುದು, ಮಾತ್ರ ಬದಲಾಗಬಹುದು.

ಹೀಗೆ ಬಲ ಅರ್ಧದ ಹಾಳೆ ಪೂರ್ತಿ ಒಂದು ವೃತ್ತದೊಳಗೆ ಹಿಡಿಸುತ್ತದೆ. 1939ರಲ್ಲಿ ಫಿಲಿಪ್ ಸ್ಮಿತ್ ಪ್ರಕಟಿಸಿದ ಸ್ಮಿತ್ ಚಾರ್ಟ್ ಇದೇ ವೃತ್ತ. ಅದನ್ನು ನೋಡಿ ಹೆದರುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಆ ಗೆರೆಗಳೆಲ್ಲ ಈ ಒಂದು ಸಾಲಿನ ಸೂತ್ರದ ನಕ್ಷೆ.

ಲೋಡ್‌ನಿಂದ ಹಿಂದೆ ಸರಿದು ನೋಡಿದರೂ ಬೀಜಗಣಿತ ಸುಲಭ. ನಷ್ಟವಿಲ್ಲದ ಲೈನಿನಲ್ಲಿ ಗ್ಯಾಮಾದ ಗಾತ್ರ ಬದಲಾಗುವುದಿಲ್ಲ, ಹಂತ ಮಾತ್ರ ತಿರುಗುತ್ತದೆ. ಅಲೆ ಹೋಗಿ ಬರಬೇಕಾದ್ದರಿಂದ ಎರಡರಷ್ಟು ತಿರುಗುತ್ತದೆ. ಕಾಲು ತರಂಗಾಂತರ ಹಿಂದೆ ಸರಿದರೆ ಹೋಗಲು 90 ಡಿಗ್ರಿ, ಬರಲು 90 ಡಿಗ್ರಿ, ಒಟ್ಟು 180. ಅಂದರೆ ಗ್ಯಾಮಾದ ಚಿಹ್ನೆ ಬದಲು. ನ ದ ಸೂತ್ರದಲ್ಲಿ ಚಿಹ್ನೆ ಬದಲಿಸಿ ನೋಡಿ. ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ. ನ ಹೋಗಿ 1 ÷ ನ ಆಯಿತು! ಕಾಲು ತರಂಗಾಂತರದ ಲೈನ್ 100 ಓಮ್ ಲೋಡನ್ನು 50 ಓಮ್‌ನಂತೆ ತೋರಿಸುವುದು ಹೀಗೆ. ಆ ತುಂಡಿನ ಇಂಪಿಡೆನ್ಸ್ 100 ಮತ್ತು 50ರ ಗುಣಲಬ್ಧದ ವರ್ಗಮೂಲ, ಅಂದರೆ 70.7 ಓಮ್ ಇದ್ದರೆ ಸಾಕು.

ಬಡಿದು, ತಿರುಗಿ, ಮತ್ತೆ ಬಡಿದು

ಕೊನೆಯದಾಗಿ ಒಂದು ಲೆಕ್ಕವನ್ನು ನಿಧಾನವಾಗಿ ಮಾಡೋಣ. 9 ವೋಲ್ಟ್ ಸೋರ್ಸ್, ಅದರ ಒಳಗಿನ ರೆಸಿಸ್ಟೆನ್ಸ್ 25 ಓಮ್. 10 ಮೀಟರ್ ಉದ್ದದ 50 ಓಮ್ ಕೇಬಲ್. ತುದಿಯಲ್ಲಿ 100 ಓಮ್. ಸ್ವಿಚ್ ಒತ್ತುತ್ತೇವೆ.

ಓಮ್‌ನ ನಿಯಮ ಕಲಿತವರಿಗೆ ಉತ್ತರ ಗೊತ್ತು. 9 ವೋಲ್ಟ್‌ನಲ್ಲಿ 125ಕ್ಕೆ 100ರ ಪಾಲು, 7.2 ವೋಲ್ಟ್. ಆದರೆ ಸ್ವಿಚ್ ಒತ್ತಿದ ಕ್ಷಣ ಸೋರ್ಸ್‌ಗೆ ಆ 100 ಓಮ್‌ನ ಸುದ್ದಿಯೇ ಇಲ್ಲ. ಅದಕ್ಕೆ ಕಾಣುವುದು ಲೈನಿನ 50 ಓಮ್ ಮಾತ್ರ. ಹಾಗಾಗಿ ಹೊರಡುವ ಅಲೆ 9 × 50 ÷ 75, ಅಂದರೆ 6 ವೋಲ್ಟ್.

50 ನ್ಯಾನೋಸೆಕೆಂಡಿಗೆ ಅದು ಲೋಡ್ ತಲುಪುತ್ತದೆ. ಅಲ್ಲಿನ ಗ್ಯಾಮಾ 50 ÷ 150, ಅಂದರೆ ಮೂರನೇ ಒಂದು. 2 ವೋಲ್ಟ್ ಮರಳುತ್ತದೆ, ಲೋಡ್ ಮೇಲೆ 8 ವೋಲ್ಟ್ ಕಾಣುತ್ತದೆ. ಇರಬೇಕಾದದ್ದಕ್ಕಿಂತ ಜಾಸ್ತಿ. ಆ 2 ವೋಲ್ಟ್ 100 ನ್ಯಾನೋಸೆಕೆಂಡಿಗೆ ಸೋರ್ಸ್ ಮುಟ್ಟುತ್ತದೆ. ಮರಳಿದ ಅಲೆಗೆ ಸೋರ್ಸ್ ಕೂಡ ಒಂದು ಲೋಡ್. ಅದರ ಗ್ಯಾಮಾ (25 − 50) ÷ 75, ಅಂದರೆ ಮೈನಸ್ ಮೂರನೇ ಒಂದು. −0.667 ವೋಲ್ಟ್ ಮತ್ತೆ ಲೋಡ್ ಕಡೆಗೆ ಹೊರಡುತ್ತದೆ. 150 ನ್ಯಾನೋಸೆಕೆಂಡಿಗೆ ಲೋಡ್ 7.11ಕ್ಕೆ ಇಳಿಯುತ್ತದೆ. 250ಕ್ಕೆ 7.21. 350ಕ್ಕೆ 7.199. ಆಸಿಲೋಸ್ಕೋಪಿನಲ್ಲಿ ಈ ಮೆಟ್ಟಿಲುಗಳನ್ನು ಕಣ್ಣಾರೆ ನೋಡಬಹುದು.

ಇದು 7.2ಕ್ಕೇ ಹೋಗಿ ನಿಲ್ಲುತ್ತದೆ ಅನ್ನುವುದಕ್ಕೆ ಏನು ಖಾತರಿ? ಪ್ರತಿ ಸುತ್ತಿಗೂ ಅಲೆ ಎರಡು ಗ್ಯಾಮಾಗಳ ಗುಣಲಬ್ಧದಿಂದ ಗುಣವಾಗುತ್ತದೆ. ಇಲ್ಲಿ ಅದು −1 ÷ 9. ಅಂದರೆ ಇದು ಗುಣೋತ್ತರ ಶ್ರೇಢಿ. ಮೊತ್ತ: 8 ÷ (1 + 1/9) = 7.2. ಸರಿಹೋಯಿತು. ಆದರೆ ಇದು ಈ ಅಂಕಿಗಳ ಅದೃಷ್ಟ ಇರಬಹುದಲ್ಲ? ಅಕ್ಷರಗಳಲ್ಲೇ ಮಾಡಿ ನೋಡೋಣ. ಸೋರ್ಸ್‌ನ ರೆಸಿಸ್ಟೆನ್ಸ್‌ಗೆ ಸೋ ಅನ್ನೋಣ. ಮೂರು ತುಂಡುಗಳಿವೆ.

ಹೊರಟ ಅಲೆ = 9 × ಝ ÷ (ಝ + ಸೋ)

1 + ಲೋಡ್ ಗ್ಯಾಮಾ = 2 × ಲೋ ÷ (ಲೋ + ಝ)

1 − ಎರಡು ಗ್ಯಾಮಾಗಳ ಗುಣಲಬ್ಧ = 2 × ಝ × (ಲೋ + ಸೋ) ÷ [(ಲೋ + ಝ) × (ಸೋ + ಝ)]

ಮೂರನೆಯದನ್ನು ಬಿಡಿಸುವಾಗ ಸ್ವಲ್ಪ ತಾಳ್ಮೆ ಬೇಕು. ಅಂಶದಲ್ಲಿ (ಲೋ + ಝ)(ಸೋ + ಝ) ಯಿಂದ (ಲೋ − ಝ)(ಸೋ − ಝ) ಕಳೆಯಬೇಕು. ಲೋ × ಸೋ ಹೊಡೆದುಹೋಗುತ್ತದೆ, ಝ ವರ್ಗ ಹೊಡೆದುಹೋಗುತ್ತದೆ, ಅಡ್ಡ ಪದಗಳು ಮಾತ್ರ ಎರಡೆರಡಾಗಿ ಉಳಿಯುತ್ತವೆ. ಈಗ ಮೊದಲ ಎರಡನ್ನು ಗುಣಿಸಿ, ಮೂರನೆಯದರಿಂದ ಭಾಗಿಸಿ. ಆವರಣಗಳು ಒಂದೊಂದಾಗಿ ಹೊಡೆದುಹೋಗುತ್ತವೆ. ಮೇಲಿನ ಝ, ಕೆಳಗಿನ ಝ ಕೂಡ ಹೋಗುತ್ತವೆ. ಉಳಿಯುವುದು

9 × ಲೋ ÷ (ಲೋ + ಸೋ)

ಝ ಎಲ್ಲೂ ಇಲ್ಲ. ಕೇಬಲ್ 50 ಓಮ್ ಆದರೇನು, 300 ಓಮ್ ಆದರೇನು, ಕೊನೆಗೆ ನಿಲ್ಲುವ ವೋಲ್ಟೇಜ್ ಅದೇ. ನಾವು ದಿನವೂ ಬಳಸುವ ಓಮ್‌ನ ನಿಯಮ ಈ ಅಲೆಗಳೆಲ್ಲ ಓಡಾಡಿ ಶಾಂತವಾದ ಮೇಲಿನ ಮೊತ್ತ. ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ, ಝ ಹೊಡೆದುಹೋಗುವ ಆ ಜಾಗಕ್ಕೆ ಬಂದಾಗ ನನಗೆ ಖುಷಿಯಾಗುತ್ತದೆ.

ಝ ಬದಲಿಸುವುದು ಅಲ್ಲಿಗೆ ತಲುಪುವ ದಾರಿಯನ್ನು, ಹಿಡಿಯುವ ಸಮಯವನ್ನು. ವೇಗದ ಡಿಜಿಟಲ್ ಸರ್ಕ್ಯೂಟ್‌ಗಳಲ್ಲಿ ತೊಂದರೆ ಕೊಡುವುದೇ ಅದು. 8, 7.11, 7.21 ಅಂತ ವೋಲ್ಟೇಜ್ ಅಲುಗಾಡಿ ನಿಲ್ಲುವವರೆಗೆ ಚಿಪ್ ಕಾಯುತ್ತಾ ಕೂರಲು ಆಗುವುದಿಲ್ಲ. ಇದಕ್ಕೆ ಪರಿಹಾರವೂ ಶ್ರೇಢಿಯಲ್ಲೇ ಇದೆ. ಎರಡು ಗ್ಯಾಮಾಗಳಲ್ಲಿ ಒಂದನ್ನು ಸೊನ್ನೆ ಮಾಡಿದರೂ ಗುಣಲಬ್ಧ ಸೊನ್ನೆ, ಶ್ರೇಢಿ ಮೊದಲ ಪದಕ್ಕೇ ಮುಗಿಯುತ್ತದೆ. ಸೋರ್ಸ್ ಪಕ್ಕದಲ್ಲಿ 25 ಓಮ್‌ನ ಒಂದು ರೆಸಿಸ್ಟರ್ ಸೇರಿಸಿ ಸೋ ವನ್ನು 50 ಮಾಡಿ. ಹೊರಡುವ ಅಲೆ 4.5 ವೋಲ್ಟ್. ಲೋಡ್ ಮೇಲೆ 4.5 × 4 ÷ 3, ಅಂದರೆ 6 ವೋಲ್ಟ್. ಮರಳಿದ 1.5 ವೋಲ್ಟ್ ಸೋರ್ಸ್‌ಗೆ ಬಂದು ಅಲ್ಲೇ ಮುಗಿಯುತ್ತದೆ. ಓಮ್‌ನ ನಿಯಮವೂ 9 × 100 ÷ 150, 6 ವೋಲ್ಟ್ ಅನ್ನುತ್ತದೆ. ಲೋಡ್ 50 ನ್ಯಾನೋಸೆಕೆಂಡಿಗೆ 6 ವೋಲ್ಟ್ ಮುಟ್ಟಿತು, ಅಲ್ಲೇ ನಿಂತಿತು. ಸರ್ಕ್ಯೂಟ್ ಬೋರ್ಡ್‌ಗಳಲ್ಲಿ ಚಿಪ್‌ನ ಔಟ್‌ಪುಟ್ ಪಿನ್ ಪಕ್ಕದಲ್ಲೇ 22 ಅಥವಾ 33 ಓಮ್‌ನ ಪುಟ್ಟ ರೆಸಿಸ್ಟರ್‌ಗಳು ಸಾಲಾಗಿ ಕೂತಿರುತ್ತವಲ್ಲ, ಅವು ಮಾಡುವ ಕೆಲಸ ಇದೇ.